96 ಪಾಲು 288 ಆದ ಕಥೆ: ಪುಣೆಯಲ್ಲಿ ಕೂತು ಫರಾಯಿಜ್ ಕಲಿತದ್ದು

ಕಳೆದ ತಿಂಗಳು ಕೋರ್ಟಿನಿಂದ ಸಕ್ಸೆಷನ್ ಸರ್ಟಿಫಿಕೇಟ್ ಕೈಗೆ ಬಂತು, ಬ್ಯಾಂಕಿನವರು ಎಫ್‌ಡಿ ಹಣ ಬಿಟ್ಟರು, ಮೊನ್ನೆ ಊರಿನ ಪಹಣಿಯಲ್ಲೂ ಹೆಸರುಗಳು ಕೂತವು. ಅಬ್ಬಾ ತೀರಿಕೊಂಡ ಮೇಲೆ ಶುರುವಾದ ಓಡಾಟ ಇಲ್ಲಿಗೆ ಮುಗಿಯಿತು. ಪುಣೆ-ಮುಂಬೈ ಕಡೆ ಬಂದು ನೆಲೆಸಿದ, ಊರಲ್ಲಿ ಒಂದಿಷ್ಟು ಹೊಲ ಉಳಿಸಿಕೊಂಡ ನಮ್ಮಂಥ ಕನ್ನಡದ ಮುಸ್ಲಿಂ ಮನೆಗಳು ಬಹಳ ಇವೆ. ಆಸ್ತಿ ಎರಡು ರಾಜ್ಯಗಳಲ್ಲಿ, ಕಾಗದ ಮೂರು ಭಾಷೆಗಳಲ್ಲಿ. ಫರಾಯಿಜ್, ಅಂದರೆ ತೀರಿಕೊಂಡವರ ಆಸ್ತಿಯಲ್ಲಿ ಯಾರಿಗೆ ಎಷ್ಟು ಪಾಲು ಎಂದು ಹೇಳುವ ಇಸ್ಲಾಮಿನ ಲೆಕ್ಕ, ಅದನ್ನು ನಾನು ಕಲಿತ ಕಥೆಯನ್ನು ಅಂಥವರಿಗೆ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ. ನಾನು ವಕೀಲೆ ಅಲ್ಲ, ಆಲಿಮಾ (ಧರ್ಮಶಾಸ್ತ್ರ ಓದಿದವಳು) ಅಲ್ಲ. ಖಾಸಗಿ ಕಂಪನಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು.

ಅಬ್ಬಾ ಇಂಡಿ ತಾಲ್ಲೂಕಿನವರು. ಖಡಕಿಯ ಆರ್ಡ್‌ನನ್ಸ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದರು, ಕೊಂಢವಾದಲ್ಲಿ ಒಂದು ಫ್ಲ್ಯಾಟ್ ಮಾಡಿಕೊಂಡರು. ನಾನು ಹತ್ತನೇ ಇಯತ್ತೆಯವರೆಗೆ ಅಜ್ಜಿ, ಅಂದರೆ ದಾದಿಯ ಹತ್ತಿರ ವಿಜಯಪುರದಲ್ಲಿದ್ದು ಕನ್ನಡ ಮಾಧ್ಯಮದಲ್ಲಿ ಓದಿದವಳು. ಉರ್ದು ಮಾತಿಗೆ ಬರುತ್ತದೆ, ಓದಲು ಬರುತ್ತಿರಲಿಲ್ಲ. ಇದು ಮುಂದೆ ಕಾಡಿತು.

ಅಬ್ಬಾ ಹೋದದ್ದು 2023ರ ಮಳೆಗಾಲದಲ್ಲಿ. ಆಗ ಬದುಕಿದ್ದವರು ಅಮ್ಮಿ, ದಾದಿ (ಅಂದರೆ ಅಬ್ಬಾನ ತಾಯಿ), ನನ್ನ ತಮ್ಮ, ತಂಗಿ, ನಾನು. ಊರಲ್ಲಿ ಚಾಚಾ (ಅಬ್ಬಾನ ತಮ್ಮ) ಮತ್ತು ಫೂಫಿ (ಅಬ್ಬಾನ ಒಡಹುಟ್ಟಿದವಳು). ನಮ್ಮ ದೊಡ್ಡ ಭಾಯಿ 2021ರ ಕೊರೊನಾ ಎರಡನೇ ಅಲೆಯಲ್ಲಿ ತೀರಿಕೊಂಡಿದ್ದರು. ಭಾಭಿ ಮತ್ತು ಅವರ ಮಗ ನಮ್ಮ ಜೊತೆಗೇ ಇದ್ದಾರೆ. ಹುಡುಗನಿಗೆ ಈಗ ಹತ್ತೊಂಬತ್ತು, ಡಿಪ್ಲೊಮಾ ಓದುತ್ತಿದ್ದಾನೆ. ಇಷ್ಟೂ ಜನರನ್ನು ನೆನಪಿಟ್ಟುಕೊಳ್ಳಿ, ಲೆಕ್ಕ ನಿಂತಿರುವುದೇ ಇವರ ಮೇಲೆ.

ಚಾಲೀಸ್ವಾಂ, ಅಂದರೆ ನಲವತ್ತನೇ ದಿನದ ಕಾರ್ಯ, ಮುಗಿದ ಮೇಲೆ ಮಾತು ಎದ್ದಿತು. ತಮ್ಮನಿಗೆ ಪರಿಚಯದ ಏಜೆಂಟ್ ಒಬ್ಬ ಹೇಳಿದ್ದನಂತೆ: ಅಮ್ಮಿ ಮತ್ತು ಅಕ್ಕತಂಗಿಯರು ಹಕ್ಕಸೋಡ್ ಪತ್ರಕ್ಕೆ (ಹಕ್ಕು ಬಿಟ್ಟುಕೊಡುವ ಪತ್ರ) ಸಹಿ ಮಾಡಲಿ, ಫ್ಲ್ಯಾಟ್ ತಮ್ಮನ ಹೆಸರಿಗೆ ಬರಲಿ, ಸೊಸೈಟಿಯ ತಕರಾರೂ ಇರುವುದಿಲ್ಲ. ತಮ್ಮನಿಗೆ ಮೋಸದ ಬುದ್ಧಿ ಇರಲಿಲ್ಲ, ಸುಲಭದ ದಾರಿ ಎಂದಷ್ಟೇ ಅವನು ಹೇಳಿದ್ದು. ಊರಿನಿಂದ ಬಂದಿದ್ದ ಚಾಚಾ ಮಾತ್ರ ಗಟ್ಟಿಯಾಗಿ ಹೇಳಿದರು: "ನಮ್ಮ ಮನೆತನದಾಗ ಹೆಣ್ಮಕ್ಕಳು ಪಾಲು ತಗೊಂಡಿಲ್ಲವ್ವಾ. ಕೊಟ್ಟಿದ್ದು ಉಂಡು ಹೋಗ್ಯಾರ." ಬಿಡುವುದಾದರೆ ಏನು ಬಿಡುತ್ತಿದ್ದೇನೆ ಎಂಬುದಾದರೂ ಮೊದಲು ಗೊತ್ತಾಗಲಿ, ಆಮೇಲೆ ಸಹಿಯ ಮಾತು ಎಂದೆ. ಮನೆ ಒಂದು ಕ್ಷಣ ಬಿಗಿಯಾಯಿತು. ಅಮ್ಮಿ ಎದ್ದು ಚಹಾ ಮಾಡಲು ಹೋದರು.

ಇಲ್ಲಿ ಒಂದು ಮಾತು. ತವರಿನ ಪಾಲು ಬಿಡುವುದು ಬಿಡದಿರುವುದು ನಿಮ್ಮಿಷ್ಟ. ಆದರೆ ತಂದೆ ಬದುಕಿದ್ದಾಗಲೇ "ಮುಂದೆ ನನಗೇನೂ ಬೇಡ" ಎಂದು ಬರೆಸಿಕೊಳ್ಳುವ ಕಾಗದಕ್ಕೆ ಮುಸ್ಲಿಂ ಕಾನೂನಿನಲ್ಲಿ ಸಾಮಾನ್ಯವಾಗಿ ಬೆಲೆ ಇಲ್ಲ. ತಂದೆ ಇರುವ ತನಕ ಮಕ್ಕಳಿಗೆ ಅವರ ಆಸ್ತಿಯಲ್ಲಿ ಹಕ್ಕೇ ಹುಟ್ಟಿರುವುದಿಲ್ಲ, ಇಲ್ಲದ್ದನ್ನು ಬಿಡುವುದು ಹೇಗೆ? ಅವರು ಕಣ್ಣು ಮುಚ್ಚಿದ ಕ್ಷಣಕ್ಕೆ ಹಕ್ಕು ಹುಟ್ಟುತ್ತದೆ. ಆಮೇಲೆ ಬಿಟ್ಟರೆ ಅದು ಬಿಟ್ಟಂತೆ.

ಇಷ್ಟರಲ್ಲಿ ಬ್ಯಾಂಕಿನಿಂದ ಹೊಸ ತಾಪತ್ರಯ. ಎಫ್‌ಡಿಗೆ ಅಬ್ಬಾ ಯಾವ ಕಾಲದಲ್ಲೋ ಭಾಯಿಯನ್ನು ನಾಮಿನಿ ಮಾಡಿದ್ದರು. ಭಾಯಿ ಹೋದ ಮೇಲೆ ಅದನ್ನು ಬದಲಿಸುವ ಮನಸ್ಸು ಅವರಿಗೆ ಬಂದಿರಲಿಲ್ಲ ಎಂದು ಕಾಣುತ್ತದೆ. ನಾಮಿನಿಯೇ ಇಲ್ಲವಲ್ಲ, ಮೊತ್ತವೂ ದೊಡ್ಡದು, ಸಕ್ಸೆಷನ್ ಸರ್ಟಿಫಿಕೇಟ್ ತನ್ನಿ ಎಂದು ಮ್ಯಾನೇಜರ್ ಹೇಳಿದರು. ಸೊಸೈಟಿಯವರು ವಾರಸ ದಾಖಲೆ ಕೇಳಿದರು. ಎರಡೂ ಒಂದೇ ಎಂದು ತಿಳಿಯಬೇಡಿ. ಬ್ಯಾಂಕಿನ ಹಣ, ಷೇರು ಇಂಥವಕ್ಕೆ 1925ರ ಇಂಡಿಯನ್ ಸಕ್ಸೆಷನ್ ಆ್ಯಕ್ಟಿನ 372ನೇ ಕಲಮಿನಡಿ ಸಕ್ಸೆಷನ್ ಸರ್ಟಿಫಿಕೇಟ್. ಮನೆ-ಜಾಗಕ್ಕೆ ಅದು ನಡೆಯುವುದಿಲ್ಲ; ಮಹಾರಾಷ್ಟ್ರದಲ್ಲಿ ಅದಕ್ಕೆ 1827ರ ಬಾಂಬೆ ರೆಗ್ಯುಲೇಷನ್ 8ರಡಿ ವಾರಸಾ ಪ್ರಮಾಣಪತ್ರ. ಎರಡು ಅರ್ಜಿ, ಎರಡು ಖರ್ಚು. ಇನ್ನು ನಾಮಿನಿ ಬದುಕಿದ್ದರೂ ಅವನು ಮಾಲೀಕನಲ್ಲ, ಹಣ ಪಡೆದು ವಾರಸುದಾರರಿಗೆ ಒಪ್ಪಿಸಬೇಕಾದವನು ಎಂದು ಸುಪ್ರೀಂ ಕೋರ್ಟ್ 1983ರಲ್ಲಿ ಸರಬತಿ ದೇವಿ ಪ್ರಕರಣದಲ್ಲಿ ಹೇಳಿದೆ. ಅದು ವಿಮೆ ಹಣದ ಪ್ರಕರಣ. ಬ್ಯಾಂಕ್ ಠೇವಣಿಗೂ ಅದೇ ನಿಲುವನ್ನು ಕೋರ್ಟುಗಳು ತಳೆದಿವೆ. ಅಮ್ಮಿಗೆ ಬರುವ ಫ್ಯಾಮಿಲಿ ಪೆನ್ಷನ್ ಮಾತ್ರ ಈ ಹಂಚಿಕೆಯೊಳಗೆ ಬರುವುದಿಲ್ಲ, ಅದು ಪೂರ್ತಿ ಅವರದ್ದೇ.

ವಕೀಲರು ಕೇಳಿದ ಮೊದಲ ಪ್ರಶ್ನೆ: "ವಾರಸುದಾರರು ಯಾರು, ಯಾರಿಗೆ ಎಷ್ಟು ಎಂದು ಬರೆದು ತಂದಿದ್ದೀರಾ?" ಅವರೇ ಹೇಳಬೇಕಾದದ್ದನ್ನು ನಮ್ಮನ್ನು ಕೇಳಿದರಲ್ಲ ಎನಿಸಿತು. ಸಿವಿಲ್ ವಕೀಲರಲ್ಲಿ ಬಹಳ ಜನಕ್ಕೆ ಹಿಂದೂ ಉತ್ತರಾಧಿಕಾರ ಬಾಯಿಪಾಠ, ಮುಸ್ಲಿಂ ಪಾಲು ಬಂದರೆ ಪುಸ್ತಕ ತೆರೆಯಬೇಕು. ಹಾಗಾಗಿ ನಾನು ದಾರುಲ್ ಇಫ್ತಾದ, ಅಂದರೆ ಧರ್ಮದ ಪ್ರಶ್ನೆಗಳಿಗೆ ಫತ್ವಾ (ಉತ್ತರ) ಬರೆದುಕೊಡುವ ಕಚೇರಿಯ ದಾರಿ ಹಿಡಿದೆ.

ಫತ್ವಾ ಎಂದರೆ ಟಿವಿಯಲ್ಲಿ ಕೂಗಾಡುವ ವಿಷಯ ಎಂದುಕೊಂಡವರೇ ಹೆಚ್ಚು. ನಾನು ಕಂಡದ್ದು ಮಸೀದಿಯ ಪಕ್ಕದ ಒಂದು ಕೋಣೆ, ಒಂದು ಮೇಜು, ಗೋಡೆಯುದ್ದಕ್ಕೂ ಕಿತಾಬು. ಪ್ರಶ್ನೆಯನ್ನು ಕಾಗದದಲ್ಲಿ ಬರೆದು ಕೊಡಬೇಕು, ಅದಕ್ಕೆ ಇಸ್ತಿಫ್ತಾ ಎನ್ನುತ್ತಾರೆ. ಶುಲ್ಕ ಇಲ್ಲ. ಕೂತಿದ್ದ ಮುಫ್ತಿ ಸಾಹೇಬರು ಆಸ್ತಿಯ ಬೆಲೆ ಕೇಳಲೇ ಇಲ್ಲ. ಕೇಳಿದ್ದು ಬೇರೆ: ತೀರಿಕೊಂಡವರ ತಂದೆ-ತಾಯಿ ಇದ್ದಾರೆಯೇ? ಮಕ್ಕಳಲ್ಲಿ ಯಾರು ಮೊದಲು ಹೋದರು, ಯಾವ ತಾರೀಖು? ಸಾಲ ಇದೆಯೇ? ಹೆಂಡತಿಯ ಮೆಹರ್ (ನಿಕಾಹ್‌ನಲ್ಲಿ ಗಂಡ ಕೊಡಲು ಒಪ್ಪಿದ ಹಣ) ಕೊಟ್ಟಾಗಿದೆಯೇ? ವಸಿಯ್ಯತ್ (ಉಯಿಲು) ಬರೆದಿದ್ದಾರೆಯೇ?

ಈ ಕ್ರಮವನ್ನು ಬರೆದಿಟ್ಟುಕೊಳ್ಳಿ. ಮೊದಲು ಕಫನ್-ದಫನ್ ಖರ್ಚು. ಆಮೇಲೆ ಸಾಲ. ಬಾಕಿ ಉಳಿದ ಮೆಹರ್ ಕೂಡ ಗಂಡನ ಮೇಲಿನ ಸಾಲವೇ. ಆಮೇಲೆ ವಸಿಯ್ಯತ್, ಉಳಿದದ್ದರ ಮೂರನೇ ಒಂದು ಭಾಗ ಮೀರದಂತೆ. ಅದಾದ ಮೇಲೆ ಉಳಿದದ್ದಷ್ಟೇ ವಾರಸುದಾರರದ್ದು. ನಾವು ಟ್ರಂಕಿನಿಂದ ನಿಕಾಹ್‌ನಾಮಾ ಹುಡುಕಿ ತೆಗೆದೆವು. ಮೆಹರ್ 1,100 ರೂಪಾಯಿ, ಅರ್ಧ ಬಾಕಿ. ಅಮ್ಮಿ ನಕ್ಕರು: "ಅದನ್ನು ಮದುವೆಯಾದ ವರ್ಷವೇ ಮಾಫ್ ಮಾಡಿದ್ದೆ." ಹಾಗೆಂದು ಬರೆದು ಸಹಿ ಮಾಡಿಸಿ ಎಂದರು ಮುಫ್ತಿ ಸಾಹೇಬರು.

ಕೆಲವು ದಿನ ಬಿಟ್ಟು ಉತ್ತರ ಬಂತು. ಅರ್ಧ ಪುಟ ಉರ್ದು. ಮೇಲೆ "ಮಯ್ಯಿತ್" (ತೀರಿಕೊಂಡವರು) ಎಂಬ ಪದವನ್ನು ಉದ್ದ ಗೆರೆಯಂತೆ ಎಳೆದು ಬರೆದಿದ್ದರು, ಅದರ ಕೆಳಗೆ ಒಬ್ಬೊಬ್ಬ ವಾರಸುದಾರ, ಪ್ರತಿ ಹೆಸರಿನಡಿ ಒಂದು ಅಂಕಿ. ಮೂಲೆಯಲ್ಲಿ 96. ಭಾಯಿಯ ಮಗನ ಹೆಸರಿನಡಿ ಅಂಕಿ ಇಲ್ಲ, "ಮಹ್‌ರೂಮ್" ಎಂದಿದೆ, ಪಾಲಿಲ್ಲ ಎಂದು. ಅದನ್ನು ನನಗೆ ಓದಿ ಹೇಳಿದ್ದು ಆ ಹುಡುಗನೇ. ಮನೆಯಲ್ಲಿ ಉರ್ದು ಚೆನ್ನಾಗಿ ಓದುವವನು ಅವನೊಬ್ಬ.

ಆ ರಾತ್ರಿ ಊಟಕ್ಕೆ ಕೂತಾಗ ಭಾಭಿ ಏನೂ ಆಗಿಲ್ಲವೆಂಬಂತೆ ಎಲ್ಲರಿಗೂ ಬಡಿಸಿದರು. ಅವರು ಪಾಲು ಕೇಳಿದವರೇ ಅಲ್ಲ. ಕೇಳದೆಯೇ ಇಲ್ಲವೆಂದು ಕಾಗದದಲ್ಲಿ ಬಂದರೆ ಹೇಗಿರುತ್ತದೆ ಎಂದು ನನಗೆ ಅಂದೇ ಗೊತ್ತಾದದ್ದು. ಇದು ಏಕೆ ಹೀಗೆ ಎಂದು ಸ್ವತಃ ತಿಳಿದುಕೊಳ್ಳದೆ ಬಿಡುವುದಿಲ್ಲ ಎಂದು ಅಂದೇ ಗಟ್ಟಿ ಮಾಡಿದೆ.

ಕೊಂಢವಾದಲ್ಲಿ ನಮ್ಮ ಗಲ್ಲಿಗೆ ಹತ್ತಿರ ಒಬ್ಬ ಆಪಾ (ಅಕ್ಕ) ಭಾನುವಾರ ಹೆಂಗಸರಿಗೆ ದರ್ಸ್, ಅಂದರೆ ಧರ್ಮದ ಪಾಠ ನಡೆಸುತ್ತಾರೆ. ಆಲಿಮಾ ಕೋರ್ಸ್ ಮುಗಿಸಿದವರು. ಫರಾಯಿಜ್ ಕಲಿಸುತ್ತೀರಾ ಎಂದು ಕೇಳಿದರೆ ಅವರಿಗೇ ಆಶ್ಚರ್ಯ. ನಮಾಜು, ತಹಾರತ್, ತಲಾಕ್ ಕೇಳಿಕೊಂಡು ಬರುವವರಿದ್ದಾರೆ, ಪಾಲಿನ ಲೆಕ್ಕ ಕೇಳಿಕೊಂಡು ಬಂದವಳು ನೀನೇ ಎಂದರು. ಅವರು ಇಟ್ಟುಕೊಂಡದ್ದು ಸಿರಾಜಿಯ ಉರ್ದು ವಿವರಣೆ. ಸಿರಾಜುದ್ದೀನ್ ಸಜಾವಂದಿ ಎಂಬ ವಿದ್ವಾಂಸರು ಸುಮಾರು ಎಂಟು ನೂರು ವರ್ಷಗಳ ಹಿಂದೆ ಅರಬಿಯಲ್ಲಿ ಬರೆದ ಚಿಕ್ಕ ಪುಸ್ತಕ ಅದು, ಇಂದಿಗೂ ಹನಫಿ (ಸುನ್ನಿಗಳ ಒಂದು ಪಂಥ, ನಮ್ಮದೂ ಅದೇ) ಮದರಸಾಗಳಲ್ಲಿ ಪಾಠ. ಕಲ್ಕತ್ತೆಯ ಜಡ್ಜ್ ವಿಲಿಯಂ ಜೋನ್ಸ್ ಅದನ್ನು 1792ರಲ್ಲಿ ಇಂಗ್ಲಿಷಿಗೆ ತಂದ. ನನಗೆ ಉರ್ದು ಲಿಪಿ ನಿಧಾನ, ಆದ್ದರಿಂದ ಅಪ್ಪಾ ಬಳವಂತ ಚೌಕಕ್ಕೆ ಹೋಗಿ ಮುಲ್ಲಾ ಅವರ ಪುಸ್ತಕ ತಂದುಕೊಂಡೆ. ಹೆಸರು ಕೇಳಿ ಮೌಲ್ವಿ ಎಂದುಕೊಳ್ಳಬೇಡಿ, ದಿನ್‌ಶಾ ಫರ್ದುಂಜಿ ಮುಲ್ಲಾ ಮುಂಬೈನ ಪಾರ್ಸಿ ವಕೀಲರು. ಭಾರತದ ಕೋರ್ಟುಗಳಲ್ಲಿ ಮುಸ್ಲಿಂ ಕಾನೂನು ಎಂದರೆ ಮೊದಲು ಮೇಜಿಗೆ ಬರುವುದು ಇವರ ಪುಸ್ತಕವೇ. ಒಂದು ಕೈಯಲ್ಲಿ ಆಪಾ, ಇನ್ನೊಂದು ಕೈಯಲ್ಲಿ ಮುಲ್ಲಾ. ಸೂತ್ರ ಮುಲ್ಲಾದಲ್ಲಿ ಸಿಕ್ಕಿತು, ಕಾರಣ ಆಪಾರಲ್ಲಿ.

ನೋಡಲು ಹೆದರಿಕೆ, ಕೂತರೆ ಅಷ್ಟೇನೂ ಇಲ್ಲ. ಕುರಾನಿನ ನಾಲ್ಕನೇ ಸೂರಾ (ಅಧ್ಯಾಯ) ನಿಸಾದ 11, 12 ಮತ್ತು 176ನೇ ಆಯತ್‌ಗಳಲ್ಲಿ (ವಾಕ್ಯಗಳಲ್ಲಿ) ಪಾಲಿನ ಬುನಾದಿ ಇದೆ. ನಿಗದಿ ಪಾಲುಗಳು ಆರೇ: 1/2, 1/4, 1/8, 2/3, 1/3, 1/6. ಈ ಪಾಲು ಪಡೆಯುವವರು ಝವಿಲ್ ಫುರೂಜ್. ಅವರಿಗೆ ಕೊಟ್ಟು ಉಳಿದದ್ದನ್ನು ಪಡೆಯುವವರು ಅಸಬಾ, ಅವರಲ್ಲಿ ಮಗನೇ ಮೊದಲಿಗ. ಮಗ ಇಲ್ಲದಿದ್ದರೆ ಮಗಳು ನಿಗದಿ ಪಾಲಿನವಳು, ಮಗ ಜೊತೆಗಿದ್ದರೆ ಅವಳೂ ಉಳಿಕೆಯ ಗುಂಪಿಗೆ ಸೇರುತ್ತಾಳೆ, ಮಗನಿಗೆ ಎರಡಾದರೆ ಅವಳಿಗೆ ಒಂದು.

ನಮ್ಮ ಮನೆಯ ಲೆಕ್ಕ ಹೀಗೆ. ಮಕ್ಕಳಿರುವುದರಿಂದ ಅಮ್ಮಿಗೆ 1/8, ದಾದಿಗೆ 1/6. ಎರಡಕ್ಕೂ ಹೊಂದುವ ಮೂಲ 24. ಅಮ್ಮಿಗೆ 3, ದಾದಿಗೆ 4, ಉಳಿದದ್ದು 17. ಅದನ್ನು ತಮ್ಮನಿಗೆ ಎರಡು, ನಮ್ಮಿಬ್ಬರಿಗೆ ಒಂದೊಂದು ಎಂದು ನಾಲ್ಕು ಮಾಡಬೇಕು, 17 ನಾಲ್ಕರಲ್ಲಿ ಒಡೆಯುವುದಿಲ್ಲ. 24ನ್ನು ನಾಲ್ಕರಿಂದ ಗುಣಿಸಿದರೆ 96. ಇದಕ್ಕೆ ತಸ್‌ಹೀಹ್ ಎನ್ನುತ್ತಾರೆ. ಅಮ್ಮಿ 12, ದಾದಿ 16, ತಮ್ಮ 34, ನಾನು 17, ತಂಗಿ 17. ಕೂಡಿಸಿ ನೋಡಿ, 96. ಫತ್ವಾದ ಅಂಕಿಗಳು ನನ್ನ ನೋಟ್‌ಬುಕ್ಕಿನಲ್ಲಿ ಹಾಗೇ ಬಂದಾಗ ಆದ ಖುಷಿ ದೊಡ್ಡದು. ಲೆಕ್ಕದವಳಲ್ಲವೇ.

ನನ್ನನ್ನು ಹಿಡಿದಿಟ್ಟದ್ದೂ ಈ ಲೆಕ್ಕವೇ. ಬೀಜಗಣಿತಕ್ಕೆ ಆಲ್ಜೀಬ್ರಾ ಎಂಬ ಹೆಸರು ಕೊಟ್ಟ ಅಲ್ ಖ್ವಾರಿಝ್ಮಿಯ ಪುಸ್ತಕದಲ್ಲಿ ದೊಡ್ಡದೊಂದು ಭಾಗ ವಸಿಯ್ಯತ್ ಮತ್ತು ವಾರಸಿನ ಲೆಕ್ಕಕ್ಕೇ ಮೀಸಲು. ಪಾಲುಗಳನ್ನು ಕೂಡಿಸಿದಾಗ ಒಂದನ್ನು ಮೀರಿದರೆ? ಅದಕ್ಕೂ ದಾರಿ ಇದೆ, ಔಲ್ ಎಂದು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ತಂದೆ, ತಾಯಿ ಉಳಿದ ಒಂದು ಪ್ರಕರಣದಲ್ಲಿ 24ರ ಮೂಲಕ್ಕೆ ಪಾಲುಗಳು 27 ಆಗುತ್ತವೆ. ನಾಲ್ಕನೇ ಖಲೀಫ ಹಜ್ರತ್ ಅಲಿ ಮಿಂಬರಿನ (ಮಸೀದಿಯ ಪ್ರವಚನ ಪೀಠದ) ಮೇಲೆ ನಿಂತಿದ್ದಾಗ ಯಾರೋ ಇದನ್ನು ಕೇಳಿದರಂತೆ, ಮಾತು ತಡೆಯದೆ "ಅವಳ ಎಂಟನೆಯದು ಒಂಬತ್ತನೆಯದಾಯಿತು" ಎಂದರಂತೆ. ಎಲ್ಲರ ಪಾಲೂ ಒಂದೇ ಪ್ರಮಾಣದಲ್ಲಿ ತಗ್ಗುತ್ತದೆ. ಬಡಿಸುವಾಗ ಜನ ಹೆಚ್ಚಾದರೆ ಎಲ್ಲರಿಗೂ ಅವರವರ ಬಡಿಕೆಗೆ ತಕ್ಕಂತೆ ಸ್ವಲ್ಪ ಕಡಿಮೆ ಮಾಡುವುದಿಲ್ಲವೇ, ಹಾಗೆ.

ದರ್ಸಿಗೆ ಭಟ್ಕಳದ ಕಡೆಯ ಒಬ್ಬರು ಬರುತ್ತಿದ್ದರು. ಅವರು ಶಾಫಿ (ಸುನ್ನಿಗಳ ಇನ್ನೊಂದು ಪಂಥ), ಪಕ್ಕದ ಬಿಲ್ಡಿಂಗಿನ ಕೊಂಕಣಿ ಮುಸ್ಲಿಮರೂ ಶಾಫಿ. ಮಗ, ಮಗಳು, ಹೆಂಡತಿ, ತಾಯಿ ಇರುವ ನೇರ ಲೆಕ್ಕದಲ್ಲಿ ಹನಫಿಗೂ ಶಾಫಿಗೂ ವ್ಯತ್ಯಾಸ ಬರುವುದಿಲ್ಲ. ಅಜ್ಜನೂ ಅಣ್ಣತಮ್ಮಂದಿರೂ ಒಟ್ಟಿಗೆ ಉಳಿದಾಗ ವ್ಯತ್ಯಾಸ ಇದೆ. ಶಿಯಾ ಕ್ರಮವಂತೂ ಬೇರೆಯೇ. ಕರಾವಳಿಯವರು ನಮ್ಮಂಥ ಹನಫಿ ಮನೆಯ ಫತ್ವಾ ನೋಡಿ ತಮ್ಮ ಮನೆಗೆ ಅನ್ವಯಿಸುವ ಮೊದಲು ತಮ್ಮ ಮಸ್ಲಕ್‌ನವರನ್ನೇ (ಪಂಥದವರನ್ನೇ) ಕೇಳಿ.

ಇನ್ನು ಮೊಮ್ಮಗನ ವಿಷಯ. ಆಪಾ ಎರಡು ಭಾನುವಾರ ಇದರ ಮೇಲೇ ಕೂತರು. ಹತ್ತಿರದವನು ದೂರದವನನ್ನು ತಡೆಯುತ್ತಾನೆ ಎಂಬುದು ನಿಯಮ. ಮಗ ಬದುಕಿದ್ದರೆ, ತೀರಿಹೋದ ಇನ್ನೊಬ್ಬ ಮಗನ ಮಗನಿಗೆ ಪಾಲು ಇಲ್ಲ. ಹಿಂದೂ ಕಾನೂನಿನಂತೆ ತಂದೆಯ ಸ್ಥಾನದಲ್ಲಿ ಮಗ ನಿಲ್ಲುವುದು ಇಲ್ಲಿಲ್ಲ, ಹುಟ್ಟಿನಿಂದ ಬರುವ ಪಿತ್ರಾರ್ಜಿತ ಹಕ್ಕೂ ಇಲ್ಲ. ಭಾಯಿ ಅಬ್ಬಾನಿಗಿಂತ ಮೊದಲು ಹೋದರು, ಆ ಹೊತ್ತಿಗೆ ಅವರಿಗೆ ಅಬ್ಬಾನ ಆಸ್ತಿಯಲ್ಲಿ ಏನೂ ಇರಲಿಲ್ಲ, ಆದ್ದರಿಂದ ಅವರ ಮೂಲಕ ಏನೂ ಹರಿಯಲಿಲ್ಲ. ಎರಡು ಸಾವು ಹಿಂದುಮುಂದಾಗಿದ್ದರೆ ಭಾಭಿಗೂ ಹುಡುಗನಿಗೂ ಪಾಲು ಬರುತ್ತಿತ್ತು. ಮುಫ್ತಿ ಸಾಹೇಬರು ತಾರೀಖು ಕೇಳಿದ್ದು ಏಕೆಂದು ಆಗ ಹೊಳೆಯಿತು.

ನಾನು ವಾದ ಮಾಡಿದೆ. ಇದು ಬರೀ ನನ್ನ ತಕರಾರಲ್ಲ, ಮುಸ್ಲಿಂ ದೇಶಗಳೇ ಈ ಗಂಟಿಗೆ ಕೈ ಹಾಕಿವೆ. ಈಜಿಪ್ಟ್ 1946ರಲ್ಲಿ ಕಡ್ಡಾಯ ವಸಿಯ್ಯತ್ ಎಂಬ ಕಾನೂನು ತಂದು, ಅಜ್ಜ ಬರೆಯದಿದ್ದರೂ ಮೂರನೇ ಒಂದು ಭಾಗದ ಮಿತಿಯೊಳಗೆ ಇಂಥ ಮೊಮ್ಮಕ್ಕಳಿಗೆ ಪಾಲು ಹೋಗುವಂತೆ ಮಾಡಿತು. ಪಾಕಿಸ್ತಾನ 1961ರ ಸುಗ್ರೀವಾಜ್ಞೆಯಲ್ಲಿ ತಂದೆಯ ಪಾಲನ್ನೇ ಅವರಿಗೆ ಕೊಟ್ಟಿತು, ಅಲ್ಲಿನ ಉಲೆಮಾಗಳಲ್ಲಿ ಅನೇಕರು ಅದನ್ನು ಒಪ್ಪಲಿಲ್ಲ. ಭಾರತದಲ್ಲಿ ಎರಡೂ ಇಲ್ಲ. ಆಪಾ ನಿಯಮವನ್ನು ಸಮರ್ಥಿಸಿಕೊಂಡು ಕೂರಲಿಲ್ಲ, ಅದೇ ಸೂರಾದ 8ನೇ ಆಯತ್ ತೆರೆದರು. ಹಂಚಿಕೆಯ ಹೊತ್ತಿಗೆ ಪಾಲಿಲ್ಲದ ಬಂಧುಗಳು, ಅನಾಥರು, ಬಡವರು ಹಾಜರಿದ್ದರೆ ಅವರಿಗೂ ಅದರಲ್ಲಿ ಕೊಡಿ, ಒಳ್ಳೆಯ ಮಾತಾಡಿ ಎಂದು ಅದರಲ್ಲಿದೆ. "ನಿಮ್ಮ ಅಬ್ಬಾನಿಗೆ ಮೂರನೇ ಒಂದು ಭಾಗದವರೆಗೆ ಆ ಹುಡುಗನಿಗೆ ಬರೆಯಲು ಅವಕಾಶ ಇತ್ತು. ಅವರು ಬರೆಯಲಿಲ್ಲ. ಈಗ ಅದು ನಿಮ್ಮ ಕೈಯಲ್ಲಿದೆ," ಎಂದರು. ನನಗೆ ಪೂರ್ತಿ ಸಮಾಧಾನ ಆಗಲಿಲ್ಲ, ಇವತ್ತಿಗೂ ಇಲ್ಲ. ಆದರೆ ಮನೆಗೆ ಹೋಗಿ ಏನು ಮಾತಾಡಬೇಕೆಂದು ಗೊತ್ತಾಯಿತು.

ಶಿವಾಜಿನಗರದ ಕೋರ್ಟಿನಲ್ಲಿ ಅರ್ಜಿ ಹಾಕಿದೆವು, ಸಿವಿಲ್ ಜಡ್ಜ್ ಸೀನಿಯರ್ ಡಿವಿಷನ್ ಮುಂದೆ. ಫತ್ವಾ ಲಗತ್ತಿಸಲೇ ಎಂದರೆ ವಕೀಲರು ಬೇಡವೆಂದರು. ಫತ್ವಾಕ್ಕೆ ಕಾನೂನಿನ ಬಲ ಇಲ್ಲ, ಅದು ಅಭಿಪ್ರಾಯ ಮಾತ್ರ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಕೋರ್ಟಿಗೆ ತೋರಿಸಬೇಕಾದದ್ದು 1937ರ ಶರಿಯತ್ ಕಾಯ್ದೆ ಮತ್ತು ಮುಲ್ಲಾದ ಪುಟಗಳು. ಲೆಕ್ಕ ಅದೇ, ದಾಖಲೆ ಬೇರೆ.

ಬೇಕಾದ ಕಾಗದಗಳು: ಅಬ್ಬಾನ ಮರಣ ಪ್ರಮಾಣಪತ್ರ, ಭಾಯಿಯದ್ದೂ ಕಡ್ಡಾಯವಾಗಿ; ಎಲ್ಲ ವಾರಸುದಾರರ ಆಧಾರ್; ರೇಷನ್ ಕಾರ್ಡ್; ಎಫ್‌ಡಿ ರಸೀದಿ ಮತ್ತು ಬ್ಯಾಂಕಿನಿಂದ ಬಾಕಿ ಪತ್ರ; ನಮಗೆ ಅಭ್ಯಂತರವಿಲ್ಲವೆಂದು ಉಳಿದವರ ಅಫಿಡವಿಟ್. ಪಾಲಿರಲಿ ಬಿಡಲಿ, ಹತ್ತಿರದ ಬಂಧುಗಳನ್ನು ಅರ್ಜಿಯಲ್ಲಿ ಹೆಸರಿಸಬೇಕು. ದಾದಿಯ ಪುರಾವೆಗೆ ಇಂಡಿಯ ನಾಡಕಚೇರಿಯಿಂದ ವಂಶವೃಕ್ಷ ತರಿಸಿದೆವು. ಅದು ಕನ್ನಡದಲ್ಲಿತ್ತು. ಕೋರ್ಟಿನ ಗುಮಾಸ್ತ ಅದನ್ನು ಮೇಲೆ ಕೆಳಗೆ ಮಾಡಿ ನೋಡಿ ವಾಪಸ್ ಕೊಟ್ಟ. ನೋಂದಾಯಿತ ಅನುವಾದಕರಿಂದ ಮರಾಠಿ ಇಲ್ಲವೇ ಇಂಗ್ಲಿಷ್ ಮಾಡಿಸಿ ತರಬೇಕು. ಪುಣೆಯಲ್ಲಿ ಕನ್ನಡದಿಂದ ಮರಾಠಿಗೆ ಮೊಹರು ಹಾಕಿ ಕೊಡುವವರು ಸುಲಭಕ್ಕೆ ಸಿಗುವುದಿಲ್ಲ. ಕಡೆಗೆ ಸೊಲ್ಲಾಪುರದಲ್ಲಿ ಸಿಕ್ಕರು, ಪುಟಕ್ಕೆ ನಾನೂರು ರೂಪಾಯಿ. ಊರಿನ ಕಾಗದ ಹಾಜರುಪಡಿಸುವವರು ಇದನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ, ಒಂದು ತಾರೀಖು ಉಳಿಯುತ್ತದೆ. ದಾದಿಯ ಹೆಸರು ಆಧಾರಿನಲ್ಲಿ ಒಂದು ರೀತಿ, ವಂಶವೃಕ್ಷದಲ್ಲಿ ಇನ್ನೊಂದು ರೀತಿ ಇತ್ತು, ಅದಕ್ಕೊಂದು ಅಫಿಡವಿಟ್.

ಮರಾಠಿ ಪತ್ರಿಕೆಯಲ್ಲಿ ಜಾಹೀರು ನೋಟಿಸ್ ಕೊಟ್ಟು ತಕರಾರಿನ ಅವಧಿಗೆ ಕಾಯುತ್ತಿದ್ದಾಗ ದಾದಿ ತೀರಿಕೊಂಡರು.

ಸ್ವಾರಗೇಟಿನಿಂದ ರಾತ್ರಿ ಬಸ್ಸಿಗೆ ಹೊರಟೆವು. ಸೊಲ್ಲಾಪುರ ದಾಟುವಾಗ ತಂಗಿ ನನ್ನ ಹೆಗಲ ಮೇಲೆ ಮಲಗಿ ಅತ್ತಳು. ನನ್ನನ್ನು ಬೆಳೆಸಿದ ಮುದುಕಿ. ಮಗ ಹೋದ ಮೇಲೆ ಅವಳು ಯಾರೊಂದಿಗೂ ಹೆಚ್ಚು ಮಾತಾಡಿರಲಿಲ್ಲ. ದಫನ್ ಆದ ಸಂಜೆಯೇ ಒಬ್ಬರು, ದಾದಿಯ ಪಾಲು ಈಗ ನಿಮಗೇ ವಾಪಸ್ ಬಂತಲ್ಲ ಎಂದರು. ಬರುವುದಿಲ್ಲ. ಅಬ್ಬಾ ಹೋದ ಕ್ಷಣಕ್ಕೇ ಆ 16 ಪಾಲು ದಾದಿಯ ಹಕ್ಕಾಗಿತ್ತು, ಕೈಗೆ ಬಂದಿರಲಿಲ್ಲ ಅಷ್ಟೇ. ಈಗ ಅದು ದಾದಿಯ ವಾರಸುದಾರರದ್ದು, ಅಂದರೆ ಚಾಚಾ ಮತ್ತು ಫೂಫಿಯದ್ದು. ದಾದಿಯ ಮಗ ಚಾಚಾ ಬದುಕಿರುವುದರಿಂದ ಮೊಮ್ಮಕ್ಕಳಾದ ನಮಗೆ ಅದರಲ್ಲಿ ಇಲ್ಲ. ನನ್ನ ಅಣ್ಣನ ಮಗನನ್ನು ತಡೆದ ನಿಯಮ ಈಗ ನನ್ನನ್ನೂ ತಡೆಯಿತು.

ಹಂಚಿಕೆ ಆಗುವ ಮುನ್ನ ವಾರಸುದಾರನೇ ಹೋದರೆ ಅದಕ್ಕೆ ಮುನಾಸಖಾ ಎನ್ನುತ್ತಾರೆ. ಮೂರು ತಲೆಮಾರು ಹಂಚದೆ ಬಿಟ್ಟ ಆಸ್ತಿಗಳಲ್ಲಿ ಇದು ಸಾವಿರಗಟ್ಟಲೆ ಪಾಲಿಗೆ ಹೋಗುತ್ತದೆ ಎಂದು ಆಪಾ ಹೇಳಿದ್ದರು. ನಮ್ಮದು ಸಣ್ಣದು. 16ನ್ನು ಚಾಚಾಗೆ ಎರಡು, ಫೂಫಿಗೆ ಒಂದು ಎಂದು ಮೂರು ಮಾಡಬೇಕು, ಒಡೆಯುವುದಿಲ್ಲ. 96ನ್ನು ಮೂರರಿಂದ ಗುಣಿಸಿ 288. ಅಮ್ಮಿ 36, ತಮ್ಮ 102, ನಾನು 51, ತಂಗಿ 51, ಚಾಚಾ 32, ಫೂಫಿ 16. ಈ ಸಲ ಲೆಕ್ಕ ನಾನೇ ಮಾಡಿದೆ, ಮುಫ್ತಿ ಸಾಹೇಬರು ನೋಡಿ ತಲೆಯಾಡಿಸಿದರು.

ಮೊದಲ ಹಂಚಿಕೆಯಲ್ಲಿ, ಅಬ್ಬಾನಿಗೆ ಮಗನಿರುವಾಗ ಅಬ್ಬಾನ ತಮ್ಮನಾದ ತಮಗೆ ಪಾಲಿಲ್ಲ ಎಂದು ತಿಳಿದು ಚಾಚಾ ಮುನಿಸಿಕೊಂಡಿದ್ದರು. ಈಗ ನಾನೇ ಫೋನ್ ಮಾಡಿ 32 ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಹೆಣ್ಮಕ್ಕಳ ಪಾಲು ಬ್ಯಾಡಂದಿದ್ದೆ, ಈಗ ಅವ್ವನ ಪಾಲು ಉಣ್ಣಾಂಗಾತು" ಎಂದರು. ಆಮೇಲೆ ಮನೆತನದ ಪದ್ಧತಿಯ ಮಾತು ಅವರ ಬಾಯಿಂದ ಬರಲಿಲ್ಲ. ಆ ಮಾತಿಗೆ ಹಿಂದೆ ಕೋರ್ಟೂ ತಲೆಬಾಗಿದ್ದುಂಟು: 1847ರಲ್ಲಿ ಮುಂಬೈನ ಖೋಜಾ ಮತ್ತು ಮೆಮನ್ ಪ್ರಕರಣದಲ್ಲಿ ಜಡ್ಜ್ ಎರ್ಸ್ಕಿನ್ ಪೆರ್ರಿ, ಹೆಣ್ಣುಮಕ್ಕಳಿಗೆ ಪಾಲಿಲ್ಲವೆಂಬ ಅವರ ಪದ್ಧತಿಯನ್ನು ಎತ್ತಿಹಿಡಿದಿದ್ದ. ಅಂಥ ಪದ್ಧತಿಗಳನ್ನು ಬದಿಗಿಡಲೆಂದೇ 1937ರ ಕಾಯ್ದೆ ಬಂದದ್ದು.

ಕೋರ್ಟಿನಲ್ಲಿ ಅರ್ಜಿ ತಿದ್ದುಪಡಿ, ದಾದಿಯ ಮರಣ ಪತ್ರ, ಚಾಚಾ-ಫೂಫಿಯ ಹೊಸ ಅಫಿಡವಿಟ್, ಮತ್ತೆ ತಾರೀಖುಗಳು. ಒಂದು ಸಲ ಜಡ್ಜ್ ರಜೆ, ಒಂದು ಸಲ ವಕೀಲರ ಮುಷ್ಕರ. ಕಾಯುವುದಕ್ಕೆ ಔಷಧಿ ಇಲ್ಲ, ಕೋರ್ಟಿನ ಎದುರಿನ ಅಮೃತತುಲ್ಯ ಚಹಾ ಮಾತ್ರ ಚೆನ್ನಾಗಿತ್ತು. ವಕೀಲರ ಫೀ ಎರಡೂ ಅರ್ಜಿ ಸೇರಿ ನಲವತ್ತು ಸಾವಿರ ಆಯಿತು, ಪತ್ರಿಕೆ ನೋಟಿಸಿಗೆ ನಾಲ್ಕು ಸಾವಿರದ ಹತ್ತಿರ. ಕೋರ್ಟ್ ಫೀ ಹಣದ ಮೊತ್ತ ನೋಡಿ ಏರುತ್ತದೆ, ಅದನ್ನು ಮೊದಲೇ ಕೇಳಿ ಹೊಂದಿಸಿಟ್ಟುಕೊಳ್ಳಿ. ಸರ್ಟಿಫಿಕೇಟ್ ಅಮ್ಮಿಯ ಹೆಸರಿಗೆ ಬಂತು. ಬಂದ ಮಾತ್ರಕ್ಕೆ ಹಣ ಅಮ್ಮಿಯದ್ದಲ್ಲ, ಪಡೆದು ಹಂಚುವ ಅಧಿಕಾರ ಅಷ್ಟೇ.

ಊರಿನ ಹೊಲದ್ದು ಪೌತಿ ಖಾತೆ. ವಂಶವೃಕ್ಷದಲ್ಲಿ ಭಾಯಿಯ ಹೆಸರೂ ಮಗನ ಹೆಸರೂ ಇದ್ದುದರಿಂದ ಗ್ರಾಮ ಆಡಳಿತ ಅಧಿಕಾರಿ ಕೇಳಿದರು, "ಮೊಮ್ಮಗನ್ನ ಯಾಕ ಬಿಟ್ಟೀರಿ?" ವಿವರಿಸಿದೆವು. 1937ರ ಕಾಯ್ದೆ ಕೃಷಿ ಜಮೀನನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಹಾಗೆಂದು ಹೊಲಕ್ಕೆ ತಾನಾಗಿ ಬೇರೆ ಕಾನೂನು ಬರುವುದಿಲ್ಲ, ಬೇರೆ ಪದ್ಧತಿ ಇದೆಯೆಂದು ಯಾರೂ ಸಾಬೀತು ಮಾಡದಿದ್ದರೆ ಅದೇ ಪಾಲು ಎಂದು ವಿಜಯಪುರದ ವಕೀಲರು ಹೇಳಿದರು. ಹೆಣ್ಣುಮಕ್ಕಳು ಈವರೆಗೆ ಕೇಳಿಲ್ಲ ಎಂಬುದು ಪದ್ಧತಿ ಎನಿಸಿಕೊಳ್ಳುವುದಿಲ್ಲ. ಹೆಸರುಗಳು ಜಂಟಿಯಾಗಿ ಕೂತಿವೆ.

ಹಣ ಬಂದ ದಿನ ಎಲ್ಲರೂ ಕೂತೆವು. ಎಫ್‌ಡಿಯ ನಮ್ಮ ಪಾಲುಗಳನ್ನು ಹುಡುಗನಿಗೆ ಕೊಡೋಣ ಎಂದು ನಾನು ಹೇಳಿದೆ. ತಮ್ಮನಿಗೆ ಸ್ವಲ್ಪ ಹೊತ್ತು ಬೇಕಾಯಿತು, ಅವನ ಮೇಲೆ ಗಾಡಿಯ ಸಾಲ ಇದೆ, ಅವನದೇ ದೊಡ್ಡ ಪಾಲು. ಒಳಗೆ ಹೋಗಿ ಹೆಂಡತಿಯೊಂದಿಗೆ ಮಾತಾಡಿ ಬಂದು ಆಗಲಿ ಎಂದ. ಅಮ್ಮಿ, ತಂಗಿ, ಫೂಫಿಯೂ ಒಪ್ಪಿದರು. ಚಾಚಾ ತಮ್ಮದನ್ನು ತೆಗೆದುಕೊಂಡರು. ಅದು ಅವರ ಹಕ್ಕು, ಕೇಳುವ ಅಧಿಕಾರ ನಮಗಿಲ್ಲ. ಹೀಗೆ ಎಫ್‌ಡಿಯ ಒಂಬತ್ತರಲ್ಲಿ ಎಂಟು ಭಾಗ ಹುಡುಗನ ಖಾತೆಗೆ ಹೋಯಿತು. ಹಿಬಾಕ್ಕೆ (ದಾನಕ್ಕೆ) ಕೊಟ್ಟೆ ಎನ್ನಬೇಕು, ತಗೊಂಡೆ ಎನ್ನಬೇಕು, ವಸ್ತು ಕೈ ಬದಲಾಗಬೇಕು, ಈ ಮೂರೂ ಸೇರಿದರೆ ಆಯಿತು. ಹಣವಾದ್ದರಿಂದ ಬ್ಯಾಂಕ್ ವರ್ಗಾವಣೆಯೇ ಸಾಕ್ಷಿ, ಆದರೂ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಮಾಡಿದೆವು. ಫ್ಲ್ಯಾಟು ಮತ್ತು ಹೊಲದ ನನ್ನ ಪಾಲನ್ನು ನಾನು ಇಟ್ಟುಕೊಂಡಿದ್ದೇನೆ. ಹಕ್ಕಸೋಡ್ ಪತ್ರಕ್ಕೆ ಸಹಿ ಮಾಡಲಿಲ್ಲ, ಅಮ್ಮಿ ಇರುವ ತನಕ ಫ್ಲ್ಯಾಟ್ ಮಾರುವುದಿಲ್ಲ ಎಂಬ ಒಪ್ಪಂದಕ್ಕೆ ಮಾಡಿದೆ.

ಅದೆಲ್ಲ ಮುಗಿದ ಮೇಲೆ ಅಮ್ಮಿ ಕೇಳಿದರು: "ನಾನು ಹೋದ ಮೇಲೂ ಹುಡುಗನಿಗೆ ಇದೇ ಆಗುತ್ತದಲ್ಲವಾ?" ಹೌದು ಎಂದೆ. ಹಾಗಾದರೆ ಈಗಲೇ ಬರೆಸು ಎಂದರು. ತಮ್ಮ ಬದುಕಿರುವುದರಿಂದ ಆ ಹುಡುಗ ಅಮ್ಮಿಗೆ ವಾರಸುದಾರ ಅಲ್ಲ, ಆದ್ದರಿಂದ ಮೂರನೇ ಒಂದು ಭಾಗದವರೆಗೆ ಯಾರ ಒಪ್ಪಿಗೆಯೂ ಇಲ್ಲದೆ ಅವನಿಗೆ ಬರೆಯಬಹುದು. ನನಗೋ ತಮ್ಮನಿಗೋ ಬರೆದರೆ ಉಳಿದ ವಾರಸುದಾರರು ಅಮ್ಮಿಯ ನಂತರ ಒಪ್ಪಬೇಕಾಗುತ್ತಿತ್ತು. ಉಯಿಲಿಗೆ ಸ್ಟ್ಯಾಂಪ್ ಡ್ಯೂಟಿ ಇಲ್ಲ, ನೋಂದಣಿ ಕಡ್ಡಾಯವೂ ಅಲ್ಲ. ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಇಬ್ಬರು ಸಾಕ್ಷಿಗಳ ಎದುರು ಮಾಡಿಸಿದೆವು. ಅಮ್ಮಿಗೆ ಸಹಿ ಬರುತ್ತದೆ, ಅಲ್ಲಿನ ಗುಮಾಸ್ತ ಮಾತ್ರ ಹೆಬ್ಬೆಟ್ಟಿಗೆ ಮಸಿ ಪ್ಯಾಡ್ ಮುಂದೆ ಮಾಡಿದ. ಅಮ್ಮಿ ಅದನ್ನು ಬದಿಗೆ ಸರಿಸಿ ಪೆನ್ನು ಕೇಳಿದರು.